ಹೆರಿಗೆ ವಾರ್ಡಿನ ಲಂಚ: ದೂರು ಲೋಕಾಯುಕ್ತಕ್ಕೋ, ಮಾನವ ಹಕ್ಕುಗಳ ಆಯೋಗಕ್ಕೋ?

ಪ್ರಶ್ನೆ (ಮದ್ದೂರು ಕಡೆಯವರು)
ಎಲ್ಲರಿಗೂ ನಮಸ್ಕಾರ. ನಾಲ್ಕು ದಿನಗಳ ಹಿಂದೆ ಮಂಡ್ಯ ಜಿಲ್ಲೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ನನ್ನ ತಂಗಿಗೆ ಸಿಸೇರಿಯನ್ ಆಯಿತು. ಮಗುವನ್ನು ತಂದು ತೋರಿಸಲು 500 ರೂಪಾಯಿ ಕೇಳಿ ಪಡೆದರು. ಹಾಸಿಗೆಯ ಬಟ್ಟೆ ಬದಲಿಸಲು ಕೇಳಿದ 200 ರೂಪಾಯಿಯನ್ನು ಕೊಡುವುದು ತಡವಾದ್ದರಿಂದ, ಹೊಲಿಗೆಯ ನೋವಿನಲ್ಲಿದ್ದ ಅವಳು ಇಡೀ ರಾತ್ರಿ ಒದ್ದೆ ಬಟ್ಟೆಯ ಮೇಲೆಯೇ ಮಲಗಿದ್ದಳು. ಇದನ್ನು ಬರೀ ಲಂಚ ಎಂದು ಕರೆಯಲು ನನಗೆ ಮನಸ್ಸಾಗುತ್ತಿಲ್ಲ. ದೂರನ್ನು ಎಲ್ಲಿ ಕೊಡಬೇಕು?

ಉತ್ತರ 1 (ಮೈಸೂರು, ವಕೀಲರು)
ಎರಡೂ ಕಡೆ ಕೊಡಬಹುದು, ಆದರೆ ಮೊದಲು ಲೋಕಾಯುಕ್ತ ಪೊಲೀಸರಿಗೆ ಕೊಡಿ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ಬಂದ ತಿದ್ದುಪಡಿಯ ಪ್ರಕಾರ ಲಂಚ ಕೊಡುವುದೂ ಅಪರಾಧ. ಬಲವಂತಕ್ಕೆ ಕೊಟ್ಟವರು 7 ದಿನಗಳೊಳಗೆ ತಿಳಿಸಿದರೆ ಅವರಿಗೆ ವಿನಾಯಿತಿ ಇದೆ. ನಿಮಗೆ ಉಳಿದಿರುವುದು ಮೂರೇ ದಿನ.

ಆದರೆ ಆ ಮೊಕದ್ದಮೆಯಲ್ಲಿ ನಿಮ್ಮ ತಂಗಿ ಸಾಕ್ಷಿಯಾಗಿ ಮಾತ್ರ ಇರುತ್ತಾರೆ. ಹಣ ಪಡೆದವರಿಗೆ ಶಿಕ್ಷೆಯಾದರೂ, ಆ ರಾತ್ರಿ ಅವರು ಅನುಭವಿಸಿದ್ದಕ್ಕೆ ಅಲ್ಲಿ ಉತ್ತರ ಸಿಗುವುದಿಲ್ಲ. ಸರ್ಕಾರಿ ಆಸ್ಪತ್ರೆಯು ಸಕಾಲದಲ್ಲಿ ಚಿಕಿತ್ಸೆ ಕೊಡದಿರುವುದು ಜೀವಿಸುವ ಹಕ್ಕನ್ನು ಕೊಡುವ ಸಂವಿಧಾನದ 21ನೇ ವಿಧಿಯ ಉಲ್ಲಂಘನೆ ಎಂದು ಸುಪ್ರೀಂ ಕೋರ್ಟ್ 1996ರಲ್ಲಿಯೇ ಹೇಳಿ, ಪಶ್ಚಿಮ ಬಂಗಾಳದ ಒಬ್ಬ ಕೂಲಿ ಕಾರ್ಮಿಕನಿಗೆ 25,000 ರೂಪಾಯಿ ಪರಿಹಾರ ಕೊಡಿಸಿತ್ತು. ವ್ಯವಸ್ಥಿತ ಭ್ರಷ್ಟಾಚಾರವೇ ಮಾನವ ಹಕ್ಕಿನ ಉಲ್ಲಂಘನೆ ಎಂದು ಅದೇ ನ್ಯಾಯಾಲಯ 2012ರ ತೀರ್ಪೊಂದರಲ್ಲಿ ಹೇಳಿದೆ. ಆದ್ದರಿಂದ ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೂ ಬರೆಯಿರಿ. ಅದಕ್ಕೆ ಒಂದು ವರ್ಷದ ಗಡುವಿದೆ. ಆಯೋಗವು ಪರಿಹಾರಕ್ಕೆ ಶಿಫಾರಸು ಮಾಡಬಲ್ಲದೇ ಹೊರತು ಆದೇಶಿಸಲಾರದು ಎಂಬುದೂ ತಿಳಿದಿರಲಿ.

ಉತ್ತರ 2 (ಮಂಡ್ಯ, ನಿವೃತ್ತ ಶುಶ್ರೂಷಕಿ)
ವಕೀಲರ ಮಾತನ್ನು ಒಪ್ಪುತ್ತೇನೆ. ಒಂದು ವಿಷಯ ಸೇರಿಸಬೇಕಾಗಿದೆ. ಹೊರಗುತ್ತಿಗೆಯ ಆಯಾ ಒಬ್ಬಳನ್ನು ಹಿಡಿದು ಕೆಲಸದಿಂದ ತೆಗೆದರೆ ಪ್ರಕರಣ ಮುಗಿಯಿತೆಂದು ಮೇಲಿನವರು ನಿಟ್ಟುಸಿರು ಬಿಡುತ್ತಾರೆ. ತಿಂಗಳುಗಟ್ಟಲೆ ಸಂಬಳವಿಲ್ಲದೆ ದುಡಿದ ಆಯಾಗಳನ್ನು ನಾನು ಕಂಡಿದ್ದೇನೆ. ಅದರಿಂದ ಬಾಣಂತಿಯ ಹತ್ತಿರ ಕೈಚಾಚುವುದು ಸರಿಯಾಗುವುದಿಲ್ಲ, ಆದರೆ ಅವರ ಕೂಲಿಯೂ ಹಕ್ಕೇ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ 2011ರಿಂದ ಸಿಸೇರಿಯನ್, ಔಷಧಿ, ಊಟ ಎಲ್ಲವೂ ಉಚಿತವಾಗಿರುವಾಗ, ಆ ಕಾರ್ಯಕ್ರಮದ ಹಣ ಹೇಗೆ ಖರ್ಚಾಯಿತು, ಬಟ್ಟೆ ಒಗೆಯುವ ಗುತ್ತಿಗೆ ಯಾರದು, ಹಾಸಿಗೆ ಬಟ್ಟೆಯ ದಾಸ್ತಾನು ಪುಸ್ತಕದಲ್ಲಿ ಏನಿದೆ ಎಂದು ಮಾಹಿತಿ ಹಕ್ಕಿನಡಿ ಕೇಳಿ. 30 ದಿನಗಳಲ್ಲಿ ಉತ್ತರ ಕೊಡಲೇಬೇಕು.

ಪ್ರಶ್ನೆ ಕೇಳಿದವರು
ಇಬ್ಬರಿಗೂ ಧನ್ಯವಾದಗಳು. ತಂಗಿ ಇನ್ನೂ ಅದೇ ವಾರ್ಡಿನಲ್ಲಿ ಇರುವುದರಿಂದ ಬಾಯಿ ಬಿಡಲು ಹೆದರಿದ್ದೆವು. ನಾಳೆ ಡಿಸ್ಚಾರ್ಜ್ ಮಾಡುತ್ತಾರೆ, ಅದು ಐದನೆಯ ದಿನ. ಅವರನ್ನು ಮನೆಗೆ ಬಿಟ್ಟು ನೇರವಾಗಿ ಠಾಣೆಗೆ ಹೋಗುತ್ತೇನೆ. ಆಯೋಗಕ್ಕೆ ಕಳಿಸುವ ಪತ್ರವನ್ನು ತಾನೇ ಬರೆಯುತ್ತೇನೆಂದು ಅವಳು ಹೇಳಿದ್ದಾಳೆ.