ಭಯಾನಕ ಕಾದಂಬರಿಗೆ ವಿಮರ್ಶೆ ಬರೆಯುವುದು ಹೇಗೆ? ಅನುಭವ ಇದ್ದವರು ಹೇಳಿ

ಕೇಳಿದವರು, ವಿಜಯಪುರ:
ನಮ್ಮ ಓದುಗರ ಬಳಗದಲ್ಲಿ ತಿಂಗಳಿಗೊಬ್ಬರು ಒಂದು ಪುಸ್ತಕದ ಬಗ್ಗೆ ಬರೆಯಬೇಕು. ನನಗೆ ಹಿಡಿಸುವುದು ಭಯಾನಕ ಕಾದಂಬರಿಗಳು, ಕರಾಳ ಫ್ಯಾಂಟಸಿ. ಬರೆಯಲು ಕುಳಿತರೆ ಇಡೀ ಕಥೆಯನ್ನೇ ಹೇಳಿಬಿಡುತ್ತೇನೆ. ಕಥೆ ಬಿಟ್ಟರೆ ‘ಮೈ ಜುಮ್ಮೆಂದಿತು’ ಎನ್ನುವುದರ ಆಚೆಗೆ ಏನೂ ತೋಚುವುದಿಲ್ಲ. ದೆವ್ವದ ಕಥೆಗೆ ಎಂಥ ವಿಮರ್ಶೆ ಎಂದು ಕೆಲವರು ನಗುತ್ತಾರೆ ಬೇರೆ.

ಬಾಗಲಕೋಟೆ ನವನಗರದಿಂದ:
ನನ್ನ ಹಳೆಯ ಟಿಪ್ಪಣಿಗಳಲ್ಲೂ ಪುಟಕ್ಕೊಂದು ‘ಎದೆ ಝಲ್ಲೆಂದಿತು’ ಇದೆ, ಈಗ ತೆರೆದರೆ ನಾಚಿಕೆಯಾಗುತ್ತದೆ. ದಾರಿ ಸಿಕ್ಕಿದ್ದು ಕಾಲೇಜಿನಲ್ಲಿ ಬಾಯಿಪಾಠ ಮಾಡಿ ಮರೆತಿದ್ದ ರಸಸಿದ್ಧಾಂತದಲ್ಲಿ, ಅಂದರೆ ಕೃತಿ ನಮ್ಮಲ್ಲಿ ಯಾವ ಭಾವವನ್ನು ಎಬ್ಬಿಸುತ್ತದೆ ಎಂದು ನೋಡುವ ಹಳೆಯ ಕಾವ್ಯಶಾಸ್ತ್ರದಲ್ಲಿ. ಭಯಾನಕ ರಸಕ್ಕೆ ಸ್ಥಾಯಿಭಾವ (ಬುಡದಲ್ಲಿರುವ ಮೂಲ ಭಾವ) ಭಯ, ಬೀಭತ್ಸಕ್ಕೆ ಜುಗುಪ್ಸೆ, ಅದ್ಭುತಕ್ಕೆ ವಿಸ್ಮಯ. ಹುಳು ಬಿದ್ದ ಹೆಣವನ್ನು ವರ್ಣಿಸಿದರೆ ಮುಖ ಸಿಂಡರಿಸುತ್ತೇವೆ, ಅಷ್ಟೆ. ಚಿಲಕ ಹಾಕಿದ ಖಾಲಿ ಕೋಣೆಯಲ್ಲಿ ಯಾರೋ ಕೆಮ್ಮಿದರೆ ಹೆದರುತ್ತೇವೆ. ಒಳ್ಳೆಯ ಕರಾಳ ಫ್ಯಾಂಟಸಿಯಲ್ಲಿ ಬೆರಗಾಗಿ ನೋಡುತ್ತಿದ್ದದ್ದೇ ಮೆಲ್ಲಗೆ ಭಯವಾಗುತ್ತದೆ. ಓದುವಾಗ ಅಂಚಿನಲ್ಲಿ ಪೆನ್ಸಿಲಿನಿಂದ ಭ, ಬೀ, ಅ ಎಂದು ಗುರುತು ಹಾಕುತ್ತೇನೆ (ಗ್ರಂಥಾಲಯದ ಪುಸ್ತಕವಾದರೆ ಬೇರೆ ಚೀಟಿಯಲ್ಲಿ, ಒಮ್ಮೆ ದಂಡ ಕಟ್ಟಿದ್ದೇನೆ). ಒಂದು ದಪ್ಪ ಕಾದಂಬರಿಯಲ್ಲಿ ‘ಬೀ’ ನಲವತ್ತು ಕಡೆ ಸಿಕ್ಕಿತು, ‘ಭ’ ಎರಡೇ ಕಡೆ. ಅರ್ಧ ವಿಮರ್ಶೆ ಅಲ್ಲೇ ಆಯಿತು.

ಇನ್ನೊಂದು, ಕಥೆಯನ್ನು ಯಾರು ಹೇಳುತ್ತಿದ್ದಾರೆ ಎಂಬುದನ್ನು ನೋಡಿ. ‘ಡ್ರಾಕುಲಾ’ (1897) ದಿನಚರಿ, ಪತ್ರ, ಪತ್ರಿಕಾ ವರದಿಗಳ ಕಂತೆ. ಅದರಲ್ಲಿ ರಕ್ತ ಹೀರುವ ಡ್ರಾಕುಲಾನದೇ ದಿನಚರಿ ಇಲ್ಲ. ಅವನು ಅಡಗಿರುವ ಹಡಗಿನಲ್ಲಿ ನಾವಿಕರು ಒಬ್ಬೊಬ್ಬರಾಗಿ ಕಾಣೆಯಾಗುವುದನ್ನು ಕಪ್ತಾನ ಬರೆದಿಡುತ್ತಾನೆ. ಕಾರಣ ಅವನಿಗೆ ತಿಳಿಯದು, ನಮಗೆ ಗೊತ್ತು. ಇಷ್ಟನ್ನು ವಿವರಿಸಿದರೆ ಕಥೆ ಹೇಳದೆಯೇ ಭಯ ಎಲ್ಲಿಂದ ಹುಟ್ಟಿತೆಂದು ತೋರಿಸಬಹುದು.

ನಿಮ್ಮ ಸ್ವಂತ ಭಯವನ್ನೂ ಮುಚ್ಚಿಡಬೇಡಿ. ನಮ್ಮ ಹಳೆಯ ಮನೆ ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಡೆಯಾಯಿತು. ನೀರಿನಡಿಯ ಊರೊಂದರ ಕಥೆ ಓದಿದಾಗ ಎರಡು ರಾತ್ರಿ ನಿದ್ದೆ ಬರಲಿಲ್ಲ. ಲೇಖಕರನ್ನು ಹಾಡಿ ಹೊಗಳಿದೆ. ವರ್ಷದ ಮೇಲೆ ಮತ್ತೆ ಓದಿದರೆ ಗದ್ಯ ತೀರಾ ಸಪ್ಪೆ; ಹೆದರಿಸಿದ್ದು ನಮ್ಮ ಪಡಸಾಲೆಯೇ ಹೊರತು ಪುಸ್ತಕವಲ್ಲ.

ಬೆಳಗಾವಿಯಿಂದ:
ನಗುವವರಿಗೆ ಜನ್ನನ ‘ಯಶೋಧರ ಚರಿತೆ’ (1209) ಕೊಡಿ. ಚಂಡಮಾರಿಯ ಗುಡಿ, ಬಲಿಗೆಂದು ಹಿಡಿದು ತಂದ ಇಬ್ಬರು ಎಳೆಯರು, ಕತ್ತಿ ತಗಲಿದೊಡನೆ ಕೂಗುವ ಹಿಟ್ಟಿನ ಕೋಳಿ. ಅದನ್ನು ಪಠ್ಯವಾಗಿ ಓದಿದವರೇ ಈಗ ದೆವ್ವದ ಕಥೆ ಎಂದು ಮೂಗು ಮುರಿಯುತ್ತಾರೆ!

ನಾನು ಕಥೆಯ ಮೊದಲ ಕಾಲುಭಾಗವನ್ನು ದಾಟಿ ಏನನ್ನೂ ಹೇಳುವುದಿಲ್ಲ. ಆದರೆ ಮಗುವಿನ ಸಾವು, ಅತ್ಯಾಚಾರ, ಆತ್ಮಹತ್ಯೆ ಇದ್ದರೆ ಆರಂಭದಲ್ಲೇ ಒಂದು ಸಾಲು ಬರೆಯುತ್ತೇನೆ. ಬಾಣಂತಿಯಾಗಿದ್ದ ಗೆಳತಿಗೆ ಯೋಚಿಸದೆ ಒಂದು ಪುಸ್ತಕ ಕೊಟ್ಟೆ. ಆರು ತಿಂಗಳು ಆಕೆ ನನ್ನೊಂದಿಗೆ ಮಾತಾಡಲಿಲ್ಲ.

ವಿಜಯಪುರದಿಂದಲೇ ಇನ್ನೊಬ್ಬರು:
ನವನಗರದ ಸರ್ ಹೇಳಿದ ಪೆನ್ಸಿಲ್ ಲೆಕ್ಕ ನನಗೆ ಒಗ್ಗುವುದಿಲ್ಲ. ಮೊದಲ ಓದಿನಲ್ಲಿ ಗುರುತು ಹಾಕುತ್ತಾ ಕುಳಿತರೆ ಹೆದರುವುದು ಯಾವಾಗ? ಒಮ್ಮೆ ಸುಮ್ಮನೆ ಓದಿ, ಬರೆಯುವ ಮುಂಚೆ ಮತ್ತೊಮ್ಮೆ ಓದಿ. ಹೆನ್ರಿ ಜೇಮ್ಸ್‌ನ ‘ದಿ ಟರ್ನ್ ಆಫ್ ದಿ ಸ್ಕ್ರೂ’ (1898) ಓದಿ, ದೆವ್ವಗಳೆಲ್ಲ ಕಥೆ ಹೇಳುವ ಮನೆಶಿಕ್ಷಕಿಯ ಭ್ರಮೆ ಎಂದು ಠೀವಿಯಿಂದ ಬರೆದಿದ್ದೆ. ಎರಡನೆಯ ಓದಿನಲ್ಲಿ ಎಡವಿದೆ: ಆಕೆ ಹಿಂದೆಂದೂ ನೋಡದ ಮನುಷ್ಯನ ಚಹರೆಯನ್ನು ಹೇಳಿದಾಗ ಮನೆವಾರ್ತೆಯ ಹೆಂಗಸು ಸತ್ತ ಸೇವಕನನ್ನು ಗುರುತಿಸುತ್ತಾಳೆ. ಲೇಖಕ ಬಿಡಿಸದೆ ಬಿಟ್ಟ ಗಂಟನ್ನು ನಾನು ಕತ್ತರಿಸಿ ಹಾಕಿದ್ದೆ.

ರಾತ್ರಿ ದೀಪ ಆರಿಸಿ ಓದಬೇಕೆಂಬ ಮಾತನ್ನೂ ನಂಬಬೇಡಿ. ಕತ್ತಲಲ್ಲಿ ಅಡುಗೆಮನೆಯ ಇಲಿಯೂ ಹೆದರಿಸುತ್ತದೆ. ನಾನು ಓದುವುದು ಮಧ್ಯಾಹ್ನ ಎರಡಕ್ಕೆ, ನಮ್ಮೂರಿನ ಏಪ್ರಿಲ್ ಬಿಸಿಲಿನಲ್ಲಿ.