ನಮ್ಮ ಬೀದಿಯ ಬಾಲ್ ಬ್ಯಾಡ್ಮಿಂಟನ್ ಕ್ಲಬ್ಬಿನ ಚರಿತ್ರೆ ಬರೀಬೇಕು, ಎಲ್ಲಿಂದ ಶುರು ಮಾಡಲಿ?

ಎಡಗೈ ಸರ್ವಿಸ್, ತುಮಕೂರು

ಎಲ್ಲರಿಗೂ ನಮಸ್ಕಾರ. ನಮ್ಮದು ತುಮಕೂರಿನ ಪೇಟೆ ಕಡೆಯ ಒಂದು ಬಾಲ್ ಬ್ಯಾಡ್ಮಿಂಟನ್ ಕ್ಲಬ್ಬು. ಇರೋದು ಒಂದೇ ಕೋರ್ಟು. ಪಕ್ಕದಲ್ಲಿ ಶೀಟಿನ ರೂಮು, ಅದರಲ್ಲಿ ನೆಟ್ಟು, ಕಂಬ, ಸುಣ್ಣದ ಚೀಲ, ಒಂದು ಹಳೇ ಬೀರು. ಈ ಸಲ ರಾಜ್ಯೋತ್ಸವಕ್ಕೆ ಹೊನಲು ಬೆಳಕಿನ ಪಂದ್ಯಾವಳಿ ಇಟ್ಕೊಂಡಿದ್ದೀವಿ, ಜೊತೆಗೆ ಸ್ಮರಣ ಸಂಚಿಕೆ ತರಬೇಕು ಅಂತ ಸಮಿತಿಯಲ್ಲಿ ತೀರ್ಮಾನ ಆಗಿದೆ. ಕ್ಲಬ್ಬಿನ ಚರಿತ್ರೆ ಬರೆಯೋ ಕೆಲಸ ನನ್ನ ಪಾಲಿಗೆ ಬಂದಿದೆ.

ಶುರುವಾದ ವರ್ಷವೇ ಯಾರಿಗೂ ಗೊತ್ತಿಲ್ಲ. ಒಬ್ಬ ಹಿರಿಯರು ‘ಮೈಸೂರು ರಾಜ್ಯ ಅಂತಿದ್ದಾಗಲೇ ಆಡ್ತಿದ್ವಿ’ ಅಂತಾರೆ. ಇನ್ನೊಬ್ಬರು ‘ಎಮರ್ಜೆನ್ಸಿ ಮುಗಿದ ಮೇಲೆ ನಾವೇ ಕಟ್ಟಿದ್ದು’ ಅಂತಾರೆ. ಇಬ್ಬರೂ ಇದೇ ಕೋರ್ಟಲ್ಲಿ ಆಡಿದವರು, ಇಬ್ಬರ ಮಾತನ್ನೂ ತೆಗೆದುಹಾಕೋಕೆ ಆಗಲ್ಲ. ಬೀರುವಿನಲ್ಲಿ ಸಿಕ್ಕಿದ್ದು ಮೊದಲ ಹಾಳೆ ಹರಿದುಹೋದ ಎರಡು ಲೆಕ್ಕದ ಪುಸ್ತಕ, ಒಂದು ಕಟ್ಟು ರಶೀದಿ, ಹೆಸರು ಬರೆಯದ ಗ್ರೂಪ್ ಫೋಟೋಗಳು, ಶೀಲ್ಡುಗಳು. ಪ್ರತಿ ಆಯುಧಪೂಜೆಗೆ ಉಜ್ಜಿ ಉಜ್ಜಿ ಶೀಲ್ಡಿನ ಅಕ್ಷರ ಅರ್ಧ ಹೋಗಿದೆ. ನೋಂದಣಿ ಪತ್ರ ಇತ್ತಂತೆ, ಕಾರ್ಯದರ್ಶಿ ಬದಲಾದಾಗ ಎಲ್ಲೋ ಸೇರಿಕೊಂಡಿದೆ.

ಸಮಿತಿಯವರು ಕೇಳ್ತಿರೋದು ಗೆದ್ದ ಪಂದ್ಯಗಳ ಪಟ್ಟಿ, ಅಧ್ಯಕ್ಷರ ಪಟ್ಟಿ, ದಾನಿಗಳ ಫೋಟೋ. ಅಷ್ಟಕ್ಕೇ ನಿಲ್ಲಿಸೋಕೆ ನನಗೆ ಮನಸ್ಸಿಲ್ಲ. ಆಷಾಢದ ಗಾಳಿಗೆ ಚೆಂಡು ಎಲ್ಲೆಲ್ಲೋ ಹೋದರೂ ಬಿಡದೆ ಆಡಿದ ಜನ ಇವರು. ಇಂಥ ಕೆಲಸ ಮಾಡಿದವರು ಯಾರಾದ್ರೂ ಇದ್ದರೆ ದಯವಿಟ್ಟು ಹೇಳಿ.

ನಿವೃತ್ತ ಮೇಷ್ಟ್ರು, ಚಿಂತಾಮಣಿ

ತಾರೀಖಿಲ್ಲ ಅಂತ ಕೈಚೆಲ್ಲಬೇಡಿ. ಕಾಗದವನ್ನು ಸರಿಯಾಗಿ ನೋಡಿದರೆ ಅದೇ ತನ್ನ ವಯಸ್ಸು ಹೇಳುತ್ತೆ.

ಲೆಕ್ಕದಲ್ಲಿ ಆಣೆ, ಪೈ ಇದ್ದರೆ 1957ರ ಆಸುಪಾಸಿನದು, ಇಲ್ಲವೇ ಅದಕ್ಕೂ ಹಿಂದಿನದು. ಆ ವರ್ಷ ಏಪ್ರಿಲ್‌ನಲ್ಲಿ ನಯಾಪೈಸೆ ಬಂತು. ಆಮೇಲೂ ಕೆಲವರು ಆಣೆ ಲೆಕ್ಕ ಬಿಡಲಿಲ್ಲ, ಹಾಗಾಗಿ ಅದೊಂದನ್ನೇ ನಂಬಬೇಡಿ. ವಿಳಾಸದಲ್ಲಿ 572101 ಅಂತ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು. ಮೊಹರಿನಲ್ಲಿ ಮೈಸೂರು ರಾಜ್ಯ ಅಂತಿದ್ದರೆ ಆ ಮೊಹರು ಮಾಡಿಸಿದ್ದು 1973ರ ನವೆಂಬರ್‌ಗೆ ಮುಂಚೆ. ನಮ್ಮ ಕಡೆ ಗೆದ್ದ ಶೀಲ್ಡಿನಲ್ಲಿ ಚಿಂತಾಮಣಿಯೋ ಚಿಕ್ಕಬಳ್ಳಾಪುರವೋ ಕೋಲಾರ ಜಿಲ್ಲೆ ಅಂತ ಕೆತ್ತಿದ್ದರೆ 2007ಕ್ಕಿಂತ ಹಿಂದಿನದು, ಜಿಲ್ಲೆ ಬೇರೆಯಾದದ್ದು ಆಗ. ಸ್ಕೋರ್ ಶೀಟು ಸಿಕ್ಕರೆ ಪಾಯಿಂಟು ನೋಡಿ. 29ಕ್ಕೆ ಸೆಟ್ ಮುಗಿದಿದ್ದರೆ ಹಳೇ ನಿಯಮ, 35 ಇದ್ದರೆ ಈಚಿನದು.

ಆಟದ ದೊಡ್ಡ ಚರಿತ್ರೆಗೆ ಅರ್ಧ ಪುಟ ಸಾಕು. ತಂಜಾವೂರಿನಲ್ಲಿ ಹುಟ್ಟಿದ ಆಟ, 1954ರಲ್ಲಿ ರಾಷ್ಟ್ರೀಯ ಫೆಡರೇಷನ್, 1970ರಲ್ಲಿ ಜೆ. ಪಿಚ್ಚಯ್ಯನವರಿಗೆ ಅರ್ಜುನ ಪ್ರಶಸ್ತಿ. ಮಿಕ್ಕ ಪುಟಗಳನ್ನೆಲ್ಲ ನಿಮ್ಮ ಬೀದಿಗೇ ಕೊಡಿ.

ಕ್ಯಾತ್ಸಂದ್ರದವನು

ತಮ್ಮಾ, ಮೇಷ್ಟ್ರು ಹೇಳಿದ್ದನ್ನು ಇವತ್ತೇ ಮಾಡಿ. ನಾನು ಬೇರೆ ಕಡೆಯಿಂದ ಒಂದಷ್ಟು ಹೇಳುತ್ತೇನೆ. ಕೆಲಸದ ಮೇಲೆ ಕೆನಡಾದ ವಿನಿಪೆಗ್‌ನಲ್ಲಿ ಬಹಳ ಕಾಲ ಇದ್ದು ಈಗ ಊರಿಗೆ ಬಂದಿದ್ದೇನೆ. ಅಲ್ಲಿ ನಮ್ಮ ಬಡಾವಣೆಯ ಕರ್ಲಿಂಗ್ ಕ್ಲಬ್ಬಿನ ಸದಸ್ಯನಾಗಿದ್ದೆ, ಅದರ ಚರಿತ್ರೆ ಬರೆದ ತಂಡದಲ್ಲೂ ಇದ್ದೆ.

ಕರ್ಲಿಂಗ್ ನೋಡದವರಿಗೆ ಎರಡು ಮಾತು. ಸುಮಾರು 45 ಮೀಟರ್ ಉದ್ದದ ಐಸಿನ ಅಂಕಣ. ತಂಡಕ್ಕೆ ನಾಲ್ವರು, ಒಬ್ಬೊಬ್ಬರಿಗೆ ಎರಡು ಕಲ್ಲು. ಹಿಡಿಕೆ ಇರುವ ಗ್ರಾನೈಟ್ ಕಲ್ಲು, ತೂಕ 20 ಕೆ.ಜಿ. ಹತ್ತಿರ. ಅದನ್ನು ಜಾರಿಸಿ ಬಿಟ್ಟು ಆಚೆ ತುದಿಯ ವೃತ್ತದ ನಡುವಿಗೆ ಆದಷ್ಟು ಹತ್ತಿರ ನಿಲ್ಲಿಸಬೇಕು. ಇಬ್ಬರು ಬ್ರಷ್ ಹಿಡಿದು ಕಲ್ಲಿನ ಮುಂದೆ ಐಸ್ ಉಜ್ಜುತ್ತಾ ಓಡುತ್ತಾರೆ, ಕಲ್ಲು ಇನ್ನಷ್ಟು ದೂರ, ಇನ್ನಷ್ಟು ನೇರ ಹೋಗಲಿ ಅಂತ.

ಹುಟ್ಟಿದ್ದು ಸ್ಕಾಟ್‌ಲೆಂಡಿನ ಹೆಪ್ಪುಗಟ್ಟಿದ ಕೆರೆಗಳ ಮೇಲೆ. 1511 ಎಂದು ಕೆತ್ತಿದ ಒಂದು ಕಲ್ಲು ಡನ್‌ಬ್ಲೇನ್ ಎಂಬ ಊರಿನ ಕೊಳ ಬರಿದು ಮಾಡಿದಾಗ ಸಿಕ್ಕಿತು, ಈಗ ಸ್ಟರ್ಲಿಂಗ್‌ನ ಮ್ಯೂಸಿಯಂನಲ್ಲಿದೆ. ಕಿಲ್ಸಿತ್ ಊರಿನ ಕ್ಲಬ್ಬು ತಾನು 1716ರಿಂದ ಇದ್ದೇನೆ ಅನ್ನುತ್ತದೆ. ಕೆನಡಾದಲ್ಲಿ ಮಾಂಟ್ರಿಯಲ್ ಕ್ಲಬ್ಬು 1807ರದ್ದು. ಆ ಕಾಲದಲ್ಲಿ ಅಲ್ಲಿ ಕಲ್ಲಿನ ಬದಲು ಕಬ್ಬಿಣದ ಎರಕ ಹಾಕಿಸಿಕೊಂಡು ಆಡುತ್ತಿದ್ದರು.

ಇಷ್ಟು ಹಳೆಯ ಕ್ಲಬ್ಬುಗಳ ಸಂಗತಿ ಇವತ್ತಿಗೂ ಹೇಗೆ ಸಿಗುತ್ತದೆ? 1838ರಲ್ಲಿ ಎಡಿನ್‌ಬರೋದಲ್ಲಿ ಎಲ್ಲ ಕ್ಲಬ್ಬುಗಳನ್ನೂ ಒಟ್ಟುಗೂಡಿಸುವ ಒಂದು ತಾಯಿ ಕ್ಲಬ್ ಆಯಿತು. 1842ರಲ್ಲಿ ವಿಕ್ಟೋರಿಯಾ ರಾಣಿ ಬಂದಾಗ ಸ್ಕೋನ್ ಅರಮನೆಯ ನುಣುಪು ಮರದ ನೆಲದ ಮೇಲೆಯೇ ಕಲ್ಲು ಜಾರಿಸಿ ತೋರಿಸಿದರಂತೆ. ಮರುವರ್ಷ ಹೆಸರಿಗೆ ರಾಯಲ್ ಸೇರಿತು. ಈ ರಾಣಿಯ ಪ್ರಸಂಗಕ್ಕಿಂತ ನನಗೆ ಮುಖ್ಯ ಅನ್ನಿಸುವುದು ಆ ಸಂಸ್ಥೆ 1839ರಿಂದ ತಂದ ವಾರ್ಷಿಕ ಪುಸ್ತಕ. ಸೇರಿದ ಕ್ಲಬ್ಬುಗಳು, ಅವುಗಳ ಪದಾಧಿಕಾರಿಗಳು, ಸದಸ್ಯರು ಎಲ್ಲರ ಹೆಸರೂ ಅದರಲ್ಲಿ ಅಚ್ಚಾಗುತ್ತಿತ್ತು. ಯಾವುದೋ ಹಳ್ಳಿಯ ಕಾರ್ಯದರ್ಶಿ ಪಟ್ಟಿ ಬರೆದು ಅಂಚೆಗೆ ಹಾಕಿದ್ದರಿಂದ ಆ ಹಳ್ಳಿ ಉಳಿದುಕೊಂಡಿದೆ.

ನಮ್ಮಲ್ಲೂ ಅಂಥದ್ದೊಂದು ದಾರಿ ಇದೆ. ನಿಮ್ಮ ಕ್ಲಬ್ಬು 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿ ಆಗಿದ್ದರೆ, ಪ್ರತಿ ವರ್ಷದ ಸಭೆ ಆದಮೇಲೆ ಆಡಳಿತ ಮಂಡಳಿಯ ಪಟ್ಟಿ, ಜಮಾಖರ್ಚು ಸಲ್ಲಿಸಬೇಕು. ತುಮಕೂರಿನಲ್ಲೇ ಸಂಘಗಳ ನೋಂದಣಿ ಕಚೇರಿಗೆ ಹೋಗಿ ಹಳೇ ಕಡತದ ನಕಲಿಗೆ ಅರ್ಜಿ ಕೊಡಿ. ನೋಂದಣಿ ಸಂಖ್ಯೆ ಕೇಳುತ್ತಾರೆ. ಹಳೇ ಲೆಟರ್‌ಹೆಡ್ಡು, ರಶೀದಿ, ಬ್ಯಾಂಕ್ ಪಾಸ್‌ಪುಸ್ತಕದಲ್ಲಿ ಹುಡುಕಿ. ನೋಂದಣಿ ಆದ ವರ್ಷವನ್ನೇ ಆಟ ಶುರುವಾದ ವರ್ಷ ಅಂದುಕೊಳ್ಳಬೇಡಿ. ಹುಡುಗರು ಮೊದಲು ಆಡುತ್ತಾರೆ, ರಿಜಿಸ್ಟರ್ ಮಾಡಿಸುವುದು ಜಾಗಕ್ಕೋ ಗ್ರಾಂಟಿಗೋ ಅರ್ಜಿ ಹಾಕಬೇಕಾದಾಗ.

ನಮ್ಮ ವಿನಿಪೆಗ್ ತಂಡದಲ್ಲೂ ಮೊದಲು ಸಿದ್ಧವಾದದ್ದು ಟ್ರೋಫಿ ಪಟ್ಟಿ. ಓದಿದರೆ ಯಾವ ಕ್ಲಬ್ಬಿನದು ಬೇಕಾದರೂ ಆಗಬಹುದಿತ್ತು. ಖರ್ಚಿನ ಪುಸ್ತಕ ಬಿಚ್ಚಿದ ಮೇಲೆ ಕ್ಲಬ್ಬಿನ ಮುಖ ಕಾಣಿಸಿತು. ಅದರಲ್ಲಿ ಮತ್ತೆ ಮತ್ತೆ ಬರುತ್ತಿದ್ದುದು ಐಸ್ ಸಿದ್ಧ ಮಾಡುವವನ ಕೂಲಿ. ಆ ಕೆಲಸವನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಆಟಕ್ಕೆ ಮುಂಚೆ ಬೆನ್ನಿಗೆ ನೀರಿನ ಡಬ್ಬಿ ಹೊತ್ತು, ಸಣ್ಣ ತೂತುಗಳಿರುವ ಕೊಳವೆ ಹಿಡಿದು, ಹಿಂದಕ್ಕೆ ಹೆಜ್ಜೆ ಹಾಕುತ್ತಾ ತೋಳನ್ನು ಎಡಕ್ಕೂ ಬಲಕ್ಕೂ ಒಂದೇ ಹದದಲ್ಲಿ ಬೀಸುತ್ತಾನೆ. ಹನಿಗಳು ಬಿದ್ದಲ್ಲೇ ಹೆಪ್ಪುಗಟ್ಟಿ ಸಣ್ಣ ಸಣ್ಣ ಉಬ್ಬುಗಳಾಗುತ್ತವೆ. ಕಲ್ಲಿನ ತಳ ಒಳಕ್ಕೆ ತಗ್ಗಿರುತ್ತದೆ, ಅಂಚಿನ ಒಂದು ಕಿರಿದಾದ ಉಂಗುರ ಮಾತ್ರ ಆ ಉಬ್ಬುಗಳ ಮೇಲೆ ಸಾಗುತ್ತದೆ. ಹನಿ ಚಿಮುಕಿಸದ ನುಣ್ಣನೆ ಐಸಿನ ಮೇಲೆ ಅದೇ ಕಲ್ಲು ಅರ್ಧ ದಾರಿಗೇ ನಿಂತುಬಿಡುತ್ತದೆ. ಆಡುತ್ತಾ ಆಡುತ್ತಾ ಉಬ್ಬು ಸವೆಯುತ್ತದೆ, ಮುಂದಿನ ಪಂದ್ಯಕ್ಕೆ ಮತ್ತೆ ಚಿಮುಕಿಸಬೇಕು. ಇಷ್ಟು ಮಾಡಿದವನ ಹೆಸರು ಒಂದೇ ಒಂದು ಕಪ್ಪಿನ ಮೇಲೂ ಇರಲಿಲ್ಲ. ನಮ್ಮ ಪುಸ್ತಕದ ಅತಿ ಉದ್ದದ ಅಧ್ಯಾಯ ಆ ಕೆಲಸ ಮಾಡಿದವರದ್ದು.

ಆಮೇಲೆ ಸಾಲದ ಲೆಕ್ಕ. ಮೊದಲು ಐಸ್ ಕಟ್ಟಲು ಹೊರಗಿನ ಚಳಿಯನ್ನೇ ನಂಬಿದ್ದರು. ನೆಲದಡಿ ತಂಪಿನ ಕೊಳವೆ ಹಾಕಿಸಿದ ಮೇಲೆ ಆಟದ ಕಾಲ ಉದ್ದವಾಯಿತು, ಸಾಲವೂ ಉದ್ದವಾಯಿತು. ಯಂತ್ರದ ಖರ್ಚು ಏರಿ, ಸದಸ್ಯರು ಇಳಿದು, ಜಾಗಕ್ಕೆ ಬೆಲೆ ಬಂದು ಅಲ್ಲಿ ಎಷ್ಟೋ ಬಡಾವಣೆ ಕ್ಲಬ್ಬುಗಳು ಮುಚ್ಚಿವೆ. ಹಾಗಾಗಿ ನಿಮ್ಮ ಕೋರ್ಟಿನ ಜಾಗ ಯಾರದು, ಯಾರು ಬಿಟ್ಟುಕೊಟ್ಟರು, ಬಾಯಿಮಾತಿನಲ್ಲೋ ಕಾಗದದಲ್ಲೋ ಎಂಬುದನ್ನು ಬರೆಯಲೇಬೇಕು. ಅದು ನಾಳೆ ಕ್ಲಬ್ಬನ್ನು ಉಳಿಸಿಕೊಳ್ಳಲಿಕ್ಕೂ ಬೇಕಾಗುತ್ತದೆ.

ಇನ್ನೊಂದು. ಕರ್ಲಿಂಗ್‌ನಲ್ಲಿ ಆಟ ಮುಗಿದ ಮೇಲೆ ಎರಡೂ ತಂಡ ಒಂದೇ ಮೇಜಿಗೆ ಕೂರುವ ಪದ್ಧತಿ, ಗೆದ್ದವರು ಸೋತವರಿಗೆ ಮೊದಲು ಕುಡಿಯಲು ಕೊಡಿಸಬೇಕು. ನಮಗೆ ಒಳ್ಳೊಳ್ಳೆ ಸಂಗತಿ ಸಿಕ್ಕಿದ್ದೆಲ್ಲ ಆ ಮೇಜಿನಲ್ಲೇ. ನಿಮ್ಮ ಹಿರಿಯರಿಬ್ಬರನ್ನೂ ಒಟ್ಟಿಗೆ ಕೂರಿಸಿ, ಕಾಫಿ ತರಿಸಿ. ಯಾವ ವರ್ಷ ಅಂತ ಕೇಳಬೇಡಿ. ರಾಕೆಟ್ಟಿಗೆ ಗಟ್ (ತಂತಿ) ಯಾರ ಹತ್ತಿರ ಹಾಕಿಸುತ್ತಿದ್ದಿರಿ, ಒಂದು ಡಜನ್ ಉಲ್ಲನ್ ಬಾಲ್‌ಗೆ ಎಷ್ಟಿತ್ತು, ನೆಟ್ಟು ರಾತ್ರಿ ಯಾರ ಮನೆಯಲ್ಲಿ ಇಡುತ್ತಿದ್ದಿರಿ ಅಂತ ಕೇಳಿ. ಅವರು ಮದುವೆಗೆ ಮುಂಚೆ, ಕೆಲಸ ಸಿಕ್ಕ ವರ್ಷ, ಮಗಳು ಹುಟ್ಟಿದಾಗ ಅಂತ ತಾವೇ ವರ್ಷ ಹಿಡಿದುಕೊಡುತ್ತಾರೆ.

ಎಡಗೈ ಸರ್ವಿಸ್, ತುಮಕೂರು

ಸರ್, ತುಂಬಾ ಧನ್ಯವಾದ. ಆ ಐಸ್ ಮಾಡುವವರ ವಿಷಯ ಓದಿದ ತಕ್ಷಣ ಲೆಕ್ಕದ ಪುಸ್ತಕ ಮತ್ತೆ ತೆಗೆದೆ. ಮೊದಲನೇ ಪುಸ್ತಕದಲ್ಲಿ ಪ್ರತಿ ಶನಿವಾರ ‘ಕೋರ್ಟಿಗೆ ನೀರು ಹೊಡೆದು ಗುಂಡು ಎಳೆದಿದ್ದು’ ಅಂತ ಒಂದು ಬಾಬತ್ತಿದೆ (ಗುಂಡು ಅಂದ್ರೆ ನೆಲ ಸಮ ಮಾಡೋ ರೋಲರ್), ಒಬ್ಬರದೇ ಹೆಸರು, ಪುಸ್ತಕ ಮುಗಿಯೋವರೆಗೂ. ಇಷ್ಟು ದಿನ ಅದನ್ನ ದಾಟಿಕೊಂಡು ಟೂರ್ನಮೆಂಟ್ ಖರ್ಚು ನೋಡ್ತಿದ್ವಿ.

ಮಾರಿಕುಪ್ಪಂ ಲೈನ್ ಮಗಳು, ಕೋಲಾರ

ಫೋಟೋಗಳ ವಿಷಯ ಯಾರೂ ಹೇಳಲಿಲ್ಲ, ಅದಕ್ಕೆ ಬರೀತಿದ್ದೀನಿ. ನಾನು ಕೆಜಿಎಫ್‌ನವಳು, ಅಪ್ಪ ಗಣಿಯಲ್ಲಿದ್ದರು, ಸಂಜೆ ಆದ್ರೆ ಆಟ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಲೈನ್ ಮನೆ (ಗಣಿ ಕಾರ್ಮಿಕರ ಸಾಲುಮನೆ) ಬಿಟ್ಟು ಎಷ್ಟೋ ಕುಟುಂಬಗಳು ಚದುರಿದವು, ಅವರ ಜೊತೆ ಫೋಟೋಗಳೂ ಹೋದವು. ಅಪ್ಪ ಇದ್ದಾಗ ಒಂದೊಂದು ಮುಖಕ್ಕೂ ಹೆಸರು ಬರೆಸಿಕೊಂಡೆ. ಆ ತಂಡದಲ್ಲಿ ಈಗ ಕೇಳೋಕೆ ಯಾರೂ ಉಳಿದಿಲ್ಲ. ಹಾಗಾಗಿ ನೀವು ನೋಂದಣಿ ಕಚೇರಿಗೆ ಆಮೇಲೆ ಹೋಗಿ, ಕಡತ ಕಾಯುತ್ತೆ. ಮೊದಲು ಫೋಟೋ ತಗೊಂಡು ಹಿರಿಯರ ಮನೆಗೆ ಹೋಗಿ.

ಮಾಡೋದು ಹೀಗೆ: ಫೋಟೋ ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಪ್ರತಿ ಮುಖದ ಮೇಲೆ ನಂಬರ್ ಬರೆದು, ಬೇರೆ ಹಾಳೆಯಲ್ಲಿ ಹೆಸರು ಬರೆಸಿ. ಮೂಲ ಫೋಟೋ ಮೇಲೆ ಪೆನ್ನು ಹಾಕಬೇಡಿ. ಹಿಂಬದಿ ತಪ್ಪದೆ ನೋಡಿ, ಸ್ಟುಡಿಯೋ ಮೊಹರು ಇರುತ್ತೆ, ಕೆಲವೊಮ್ಮೆ ತಾರೀಖೂ ಇರುತ್ತೆ.

ನಿಮ್ಮ ಪ್ರಶ್ನೆಯಲ್ಲಿ ಒಬ್ಬ ಹೆಂಗಸಿನ ಸುಳಿವೂ ಇಲ್ಲ. ನಾನು ಕಾಲೇಜು ತಂಡದಲ್ಲಿ ಬ್ಯಾಕ್ ಆಡಿದವಳು, ತುಮಕೂರಿನ ಹುಡುಗಿಯರ ಎದುರೂ ಆಡಿದ್ದೀನಿ, ಚೆನ್ನಾಗಿ ಆಡ್ತಿದ್ರು. ಅವರು ಬೆಳಿಗ್ಗೆ ಎಲ್ಲಿ ಪ್ರಾಕ್ಟೀಸ್ ಮಾಡ್ತಿದ್ರು? ನಿಮ್ಮ ಕೋರ್ಟೇ ಇರಬಹುದು. ಕೇಳಿ ನೋಡಿ.

ಎಡಗೈ ಸರ್ವಿಸ್, ತುಮಕೂರು

ಮೇಡಂ, ಕೇಳಿದೆ. ನಮ್ಮ ಅತ್ತೆಯ ಸ್ನೇಹಿತೆಯರು ನಾಲ್ಕು ಜನ ಇದೇ ಕೋರ್ಟಲ್ಲಿ ಬೆಳಿಗ್ಗೆ ಆರಕ್ಕೆ ಆಡ್ತಿದ್ರಂತೆ, ಗಂಡಸರು ಬರೋಷ್ಟರಲ್ಲಿ ನೆಟ್ಟು ಬಿಚ್ಚಿಡಬೇಕಿತ್ತಂತೆ. ಅತ್ತೆ ಇಷ್ಟು ವರ್ಷ ಒಂದು ದಿನವೂ ಹೇಳಿರಲಿಲ್ಲ. ಅವರ ಹತ್ತಿರ ಒಂದು ಫೋಟೋ ಇದೆ.

ಹಿರಿಯರಿಬ್ಬರನ್ನೂ ಒಟ್ಟಿಗೆ ಕೂರಿಸಿದ್ವಿ. ಮೇಷ್ಟ್ರು ಹೇಳಿದ ಹಾಗೆ ರಶೀದಿ ಕಟ್ಟಿನಲ್ಲಿ ಹಳೇ ರಶೀದಿಗಳಿಗೆ ಪಿನ್ ಕೋಡ್ ಇಲ್ಲ, ಮೊಹರಿನಲ್ಲಿ ಮೈಸೂರು ರಾಜ್ಯ ಅಂತಿದೆ. ಅದನ್ನ ತೋರಿಸಿದ ಮೇಲೆ ಎರಡನೆಯವರು ತಾವೇ ಹೇಳಿದ್ರು: ನಡುವೆ ಜಾಗದ ತಕರಾರು ಬಂದು ಕೋರ್ಟು ನಿಂತುಹೋಗಿತ್ತು, ಮುಳ್ಳು ಬೆಳೆದಿತ್ತು, ಎಮರ್ಜೆನ್ಸಿ ಆದಮೇಲೆ ಇವರ ಗುಂಪು ಕಿತ್ತು ಹಸನು ಮಾಡಿ ಮತ್ತೆ ಶುರು ಮಾಡಿದ್ದು. ತಕರಾರು ಯಾರ ಜೊತೆ ಅನ್ನೋದರಲ್ಲಿ ಮಾತ್ರ ಇಬ್ಬರದೂ ಬೇರೆ ಬೇರೆ ಮಾತು. ಎರಡನ್ನೂ ಅವರವರ ಹೆಸರಲ್ಲೇ ಹಾಕ್ತೀನಿ.

ಗುಂಡು ಎಳೀತಿದ್ದವರು ಈಗಿಲ್ಲ. ಮಗ ಮಂಡಿಪೇಟೆಯಲ್ಲಿ ಹಮಾಲಿ ಮಾಡ್ತಾರೆ ಅಂತ ಗೊತ್ತಾಯ್ತು, ಭಾನುವಾರ ಹೋಗ್ತೀನಿ. ಕ್ಯಾತ್ಸಂದ್ರದ ಸರ್, ನೀವೂ ಬರೋದಾದ್ರೆ ಬಟವಾಡಿ ಹತ್ತಿರ ಕಾಯ್ತೀನಿ, ಬೈಕಲ್ಲಿ ಹೋಗೋಣ.