ಅಪ್‌ಡೇಟ್: ಡೆಕ್ ಕೆಳಗಿನ ಸ್ಕಂಕ್ ಕೊನೆಗೂ ಬೋನಿಗೆ ಬಿತ್ತು

ಮೊದಲು ನಾನು ಕೇಳಿದ್ದು ಇಷ್ಟು: ಅಮೆರಿಕದ ಮನೆಯ ಡೆಕ್ (ಮನೆಗೆ ಅಂಟಿದ ಹಲಗೆಯ ಜಗುಲಿ) ಕೆಳಗೆ ಸ್ಕಂಕ್ (ಹೆದರಿದರೆ ಬಾಲದಡಿಯಿಂದ ದುರ್ವಾಸನೆಯ ದ್ರವ ಸಿಡಿಸುವ, ಬೆಕ್ಕಿನ ಗಾತ್ರದ ಕಾಡುಪ್ರಾಣಿ) ಬಿಲ ಮಾಡಿದೆ, ತಂತಿ ಬೋನಿಟ್ಟರೆ ಪಕ್ಕದ ಮನೆಯ ಬೆಕ್ಕು ಇಲ್ಲವೇ ರಕೂನ್ (ಅಲ್ಲಿನ ಇನ್ನೊಂದು ಕಾಡುಪ್ರಾಣಿ) ಬೀಳುತ್ತದೆ, ಏನು ಮಾಡಲಿ?

ತಪ್ಪಿದ್ದು ಮುಖ್ಯವಾಗಿ ಆಮಿಷದಲ್ಲಿ. ಟ್ಯೂನಾ ಮೀನು ಇಟ್ಟರೆ ಬೆಕ್ಕನ್ನು ಊಟಕ್ಕೆ ಕರೆದಂತೆ. ಅದರ ಬದಲು 3 ಮಾರ್ಷ್‌ಮ್ಯಾಲೋ (ಮೆತ್ತನೆಯ ಸಕ್ಕರೆ ಮಿಠಾಯಿ), ಒಂದು ಚಮಚ ಕಡಲೆಕಾಯಿ ಬೆಣ್ಣೆ. ಬೆಕ್ಕಿಗೆ ಸಿಹಿಯ ರುಚಿಯೇ ತಿಳಿಯದು. ಆಮಿಷ ಪೆಡಲ್‌ನ (ತುಳಿದರೆ ಬಾಗಿಲು ಬೀಳಿಸುವ ಪಟ್ಟಿಯ) ಆಚೆ, ಬೋನಿನ ತುದಿಯಲ್ಲಿರಬೇಕು.

ಬೋನೂ ಬದಲಾಯಿತು. ಸುಮಾರು 7 ಇಂಚು ಅಗಲ-ಎತ್ತರ, 24 ಇಂಚು ಉದ್ದ, ಸುತ್ತ ಮುಚ್ಚಿದ ಪ್ಲಾಸ್ಟಿಕ್ ಗೋಡೆ. ದೊಡ್ಡ ರಕೂನ್‌ಗೆ ಇಕ್ಕಟ್ಟು. ಸ್ಕಂಕ್‌ಗೆ ಬಾಲ ಎತ್ತಲು ಜಾಗ ಕಡಿಮೆ, ಹೊರಗಿನವರೂ ಕಾಣರು, ಹಾಗಾಗಿ ವಾಸನೆ ಸಿಡಿಸುವುದು ಅಪರೂಪ. ಆದರೆ ಅಪೋಸಮ್ (ಮರಿಯನ್ನು ಹೊಟ್ಟೆಚೀಲದಲ್ಲಿ ಸಾಕುವ ಸಣ್ಣ ಪ್ರಾಣಿ) ಇದಕ್ಕೂ ಬೀಳುತ್ತದೆ, ಅದನ್ನು ಬಿಟ್ಟುಬಿಡುವುದೊಂದೇ ದಾರಿ.

ಬೋನು ಗೋಡೆಗೆ ಒತ್ತಿ, ಅಲುಗದಂತೆ ನೆಲದ ಮೇಲೆ. ಕತ್ತಲಾದ ಮೇಲೆ ತೆರೆದು, ಬೆಳಗಾಗುತ್ತಲೇ ಮುಚ್ಚಿದರೆ ಅಳಿಲು, ಹಕ್ಕಿ ಸಿಗುವುದಿಲ್ಲ. ಹತ್ತಿರ ಹೋಗುವಾಗ ಸ್ಕಂಕ್ ಮುಂಗಾಲು ಬಡಿದರೆ ನಿಂತುಬಿಡಿ, ಅದು ವಾಸನೆ ಸಿಡಿಸುವ ಮೊದಲಿನ ಎಚ್ಚರಿಕೆ.

ರೇಬೀಸ್ ಭಯದಿಂದ ಹಲವು ರಾಜ್ಯಗಳಲ್ಲಿ ಸ್ಕಂಕನ್ನು ಬೇರೆಡೆ ಒಯ್ದು ಬಿಡುವಂತಿಲ್ಲ. ನಿಯಮ ಮೊದಲೇ ನೋಡಬೇಕಿತ್ತು. ಕೊನೆಗೆ ಪರವಾನಗಿ ಇದ್ದವರನ್ನೇ ಕರೆಸಬೇಕಾಯಿತು. ಮೇ–ಜುಲೈನಲ್ಲಾದರೆ ಬಿಲದಲ್ಲಿ ಮರಿಗಳಿರಬಹುದು, ತಾಯಿಯನ್ನಷ್ಟೇ ಹಿಡಿಯಬೇಡಿ.

ಈಗ ಬಿಲದ ಬಾಯಿಗೆ ಸಡಿಲವಾಗಿ ಕಾಗದ ತುರುಕಿದೆ. 3 ರಾತ್ರಿ ಅದು ಅಲುಗದಿದ್ದರೆ ಬಿಲ ಖಾಲಿ ಎಂದರ್ಥ, ಆಗ ಅರ್ಧ ಇಂಚಿನ ಕಬ್ಬಿಣದ ಜಾಲರಿಯನ್ನು 12 ಇಂಚು ಆಳಕ್ಕೆ, ತುದಿ ಹೊರಕ್ಕೆ ಮಡಚಿ ಹೂಳುವುದು.